ಎಲೈಜಾ ಕಲಿತದ್ದು ಯಾವ ಇಂಗ್ಲಿಷು?

ತಿಂಗಳಿಗೊಮ್ಮೆ ಆಫೀಸಿನ ಕೆಲಸಕ್ಕೆಂದು ಕೊಚ್ಚಿಯಿಂದ ತಿರುವನಂತಪುರಕ್ಕೆ ಹೋಗುತ್ತೇನೆ. ಕಳೆದ ಸಲ ಹೋದಾಗ ಗೆಳೆಯರೊಬ್ಬರು ಸಂಜೆ ತಮ್ಮ ಕಾಲೇಜಿಗೆ ಕರೆದೊಯ್ದರು. ಇಂಗ್ಲಿಷ್ ಮಾತು ಸುಧಾರಿಸಲಿ ಎಂದು ಮೊದಲ ವರ್ಷದ ವಿದ್ಯಾರ್ಥಿಗಳಿಂದ ಬರ್ನಾರ್ಡ್ ಷಾನ 'ಪಿಗ್ಮೇಲಿಯನ್' ನಾಟಕದ ಮೂರನೆಯ ಅಂಕ ಆಡಿಸಿದ್ದರು. ಎಲೈಜಾಳ ಪಾತ್ರದ ಹುಡುಗಿ ಒಂದಕ್ಷರ ತಪ್ಪಲಿಲ್ಲ. ಮುಗಿದ ಮೇಲೆ ಹತ್ತಿರ ಹೋಗಿ, ಎಷ್ಟು ದಿನ ತಾಲೀಮು ಮಾಡಿದಿರಿ ಎಂದು ಇಂಗ್ಲಿಷಿನಲ್ಲೇ ಕೇಳಿದೆ. ಅವಳು ನಕ್ಕು ಪಕ್ಕದ ಗೆಳತಿಯ ಮುಖ ನೋಡಿದಳು. ಉತ್ತರ ಗೆಳತಿಯಿಂದ ಬಂತು.

ಹುಡುಗಿಯನ್ನು ದೂರಲು ಇದನ್ನು ಹೇಳುತ್ತಿಲ್ಲ. ವಿಚಿತ್ರವೆಂದರೆ, ಅವಳು ಆಗಷ್ಟೇ ಆಡಿ ಮುಗಿಸಿದ ಅಂಕದ ವಸ್ತುವೇ ಇದು.

ಇಂಗ್ಲಿಷ್ ಉಚ್ಚಾರಣೆಯನ್ನೇ ಕುರಿತ ಈ ನಾಟಕ ಮೊದಲು ರಂಗಕ್ಕೆ ಬಂದದ್ದು 1913ರಲ್ಲಿ ವಿಯೆನ್ನಾದಲ್ಲಿ, ಜರ್ಮನ್ ಅನುವಾದದಲ್ಲಿ. ಲಂಡನ್ ಪ್ರದರ್ಶನ 1914ರದು. ಹೂ ಮಾರುವ ಎಲೈಜಾಗೆ ಭಾಷಾತಜ್ಞ ಹಿಗ್ಗಿನ್ಸ್ ತಿಂಗಳುಗಟ್ಟಲೆ ಸ್ವರ ತಿದ್ದುತ್ತಾನೆ. ಮೂರನೆಯ ಅಂಕದಲ್ಲಿ ತಾಯಿಯ ಮನೆಗೆ ಬಂದ ಅತಿಥಿಗಳ ಮುಂದೆ ಅವಳನ್ನು ಪರೀಕ್ಷೆಗೆ ಕೂರಿಸುತ್ತಾನೆ. ಹವಾಮಾನ ಮತ್ತು ಆರೋಗ್ಯ, ಈ ಎರಡನ್ನು ಬಿಟ್ಟು ಬೇರೇನೂ ಮಾತಾಡಬೇಡ ಎಂಬ ಕಟ್ಟಳೆ ಬೇರೆ. ಹವಾಮಾನವನ್ನು ಅವಳು ಆಕಾಶವಾಣಿಯ ವರದಿಯಂತೆ ಒಪ್ಪಿಸುತ್ತಾಳೆ. ಆರೋಗ್ಯದ ಮಾತು ಬಂದೊಡನೆ, ಫ್ಲೂನಿಂದ ಸತ್ತಳೆನ್ನುವ ಚಿಕ್ಕಮ್ಮನನ್ನು ಮನೆಯವರೇ ಮುಗಿಸಿರಬೇಕು ಎಂಬ ಗುಮಾನಿಯನ್ನು ಅದೇ ಶುದ್ಧ ಉಚ್ಚಾರದಲ್ಲಿ ಬಿಚ್ಚಿಡುತ್ತಾಳೆ. ಉಚ್ಚಾರ ರಾಣಿಯದು, ಸುದ್ದಿ ಬೀದಿಯದು. ನಾವು ನಗುತ್ತೇವೆ. ಆದರೆ ಷಾ ನಗುತ್ತಿರುವುದು ಹಿಗ್ಗಿನ್ಸ್‌ನ ಪಾಠಕ್ರಮವನ್ನು ನೋಡಿ. ಅವನು ಧ್ವನಿ ಕಲಿಸಿದ, ಸಂಭಾಷಣೆ ಕಲಿಸಲಿಲ್ಲ.

ನಾಟಕದಿಂದ ಇಂಗ್ಲಿಷ್ ಕಲಿಸಲು ಹೊರಟವರು ಬಹಳಷ್ಟು ಸಲ ಹಿಗ್ಗಿನ್ಸ್‌ನ ದಾರಿಯನ್ನೇ ಹಿಡಿಯುತ್ತಾರೆ. ಕೇರಳದಲ್ಲಿ ಈ ಅಪಾಯ ಇನ್ನೂ ಹೆಚ್ಚು. 1957ರಿಂದ ಶಾಲಾ ಕಲೋತ್ಸವ ನಡೆಸಿಕೊಂಡು ಬಂದ ನಾಡಿದು. ಇಲ್ಲಿನ ಮಕ್ಕಳಿಗೆ ವೇದಿಕೆ ಹೊಸದಲ್ಲ. ಆದರೆ ವೇದಿಕೆ ಎಂದರೆ ತಪ್ಪಬಾರದ ಜಾಗ ಎಂಬುದನ್ನೂ ಅದರ ಜೊತೆಗೇ ಕಲಿತುಬಿಟ್ಟಿರುತ್ತಾರೆ.

ನಾಟಕತಂತ್ರಗಳಿಂದ ಭಾಷೆ ಕಲಿಸುವ ಬಗ್ಗೆ ಅಲನ್ ಮೇಲಿ ಮತ್ತು ಅಲನ್ ಡಫ್ 1978ರಲ್ಲಿ ಬರೆದ ಪುಸ್ತಕ, ಸುಮ್ಮನೆ ಕೂತ ಪ್ರೇಕ್ಷಕರೆದುರು ನಾಟಕ ಆಡುವುದನ್ನು ಈ ಕೆಲಸದಿಂದ ಬೇರೆಯಾಗಿಯೇ ಇಡುತ್ತದೆ. ನಮ್ಮ ಬೆಂಗಳೂರಿನ ಹೆಸರು ಹೊತ್ತ ಒಂದು ಪ್ರಯೋಗವೂ ಇದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಅದನ್ನು ಜಗತ್ತು 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದೇ ಕರೆಯುತ್ತದೆ. ಅವರ ಸಾಧನ ನಾಟಕವಲ್ಲ, ರೈಲು ವೇಳಾಪಟ್ಟಿ, ನಕ್ಷೆಗಳಂಥವನ್ನು ಇಟ್ಟುಕೊಂಡು ಬಿಡಿಸುವ ಸಮಸ್ಯೆಗಳು. ಮನಸ್ಸು ಅರ್ಥದ ಹಿಂದೆ ಓಡುತ್ತಿರುವಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಬಾಯಿಪಾಠದ ನಾಟಕದಲ್ಲಿ ಈ ಓಟವೇ ಇಲ್ಲ. ಎದುರಿನವರು ಏನು ಹೇಳುತ್ತಾರೆಂದು ಮೊದಲೇ ಗೊತ್ತಿದ್ದರೆ ಕೇಳಿಸಿಕೊಳ್ಳುವುದಾದರೂ ಯಾಕೆ?

ಕಾಕ್ಕನಾಡಿಗೆ ಬಂದ ಹೊಸತರಲ್ಲಿ ನಾನೂ ಮಲಯಾಳಂ ವಾಕ್ಯಗಳನ್ನು ಉರುಹೊಡೆದಿದ್ದೆ. ತರಕಾರಿ ಅಂಗಡಿಯಲ್ಲಿ 'ಚೇಟ್ಟಾ, ಎತ್ರಯಾ?' ಎಂದು ಜೋರಾಗಿ ಕೇಳುತ್ತಿದ್ದೆ. ಪ್ರಶ್ನೆಯವರೆಗೆ ನಾನೇ ಶೂರ. ಆತ ಬೆಲೆ ಹೇಳಿ, ಜೊತೆಗೆ ಇನ್ನೊಂದು ಮಾತು ಸೇರಿಸಿದರೆ ಅಲ್ಲಿಗೆ ನನ್ನ ಪಾತ್ರ ಮುಗಿಯುತ್ತಿತ್ತು. ನಮ್ಮ ತಂಡಕ್ಕೆ ಬರುವ ಹೊಸ ಎಂಜಿನಿಯರುಗಳದೂ ಇದೇ ಕಥೆ. ಬರೆದಿಟ್ಟುಕೊಂಡ ವರದಿಯನ್ನು ಚೆನ್ನಾಗಿ ಓದುತ್ತಾರೆ. ಕ್ಲೈಂಟ್ ನಡುವೆ ಬಾಯಿ ಹಾಕಿ 'ಯಾಕೆ ತಡವಾಯಿತು?' ಎಂದರೆ ಮೈಕು ಮ್ಯೂಟ್ ಆಗುತ್ತದೆ.

ಹಾಗೆಂದು ಬಾಯಿಪಾಠ ಪೂರ್ತಿ ವ್ಯರ್ಥವೆನ್ನಲಾರೆ. ನಾಲಿಗೆ ಪಳಗುತ್ತದೆ, ಜನರೆದುರು ನಿಲ್ಲುವ ಧೈರ್ಯ ಬರುತ್ತದೆ. ಆದರೆ ಅದು ಅರ್ಧ ದಾರಿ. ಉಳಿದರ್ಧಕ್ಕೆ ಷಾನ ನಾಟಕದಲ್ಲೇ ಉಪಾಯವಿದೆ. ಎಲೈಜಾ ಏನು ಹೇಳಲಿದ್ದಾಳೆಂದು ಅತಿಥಿಗಳಿಗೆ ಗೊತ್ತಿರುವುದಿಲ್ಲ. ತರಗತಿಯಲ್ಲೂ ಹಾಗೇ ಮಾಡಬಹುದು. ಎರಡು ಸಲ ಬರೆದಂತೆ ಆಡಿಸಿ, ಮೂರನೆಯ ಸಲ ಅತಿಥಿಯೊಬ್ಬರ ಕಿವಿಯಲ್ಲಿ ಗುಟ್ಟಾಗಿ ಹೊಸ ಪ್ರಶ್ನೆ ಉಸುರಬೇಕು. ಚಿಕ್ಕಮ್ಮನ ಬಗ್ಗೆ ಪೊಲೀಸರಿಗೆ ಯಾಕೆ ತಿಳಿಸಲಿಲ್ಲ ಎಂದು ಕೇಳಿದರೆ ಎಲೈಜಾ ಏನನ್ನಾದರೂ ಹೇಳಲೇಬೇಕು. ಆ ತಡವರಿಕೆಯೇ ಪಾಠ.

ಅದಕ್ಕೆ ಇನ್ನೊಂದು ಬೇಕು, ಅದು ಐದನೆಯ ಅಂಕದಲ್ಲಿದೆ. ತನ್ನ ನಿಜವಾದ ಕಲಿಕೆ ಶುರುವಾದದ್ದು ಸ್ವರಪಾಠದಿಂದಲ್ಲ, ಮೊದಲ ದಿನವೇ ಪಿಕರಿಂಗ್ ತನ್ನನ್ನು ಗೌರವದಿಂದ 'ಮಿಸ್' ಎಂದು ಕರೆದದ್ದರಿಂದ ಎನ್ನುತ್ತಾಳೆ ಎಲೈಜಾ. ಅದೇ ಅಂಕದಲ್ಲಿ ಹಿಗ್ಗಿನ್ಸ್‌ಗೆ ಎದುರು ನಿಂತು, ಯಾರೂ ಹೇಳಿಕೊಡದ ಮಾತುಗಳಲ್ಲಿ ಜಗಳವಾಡುತ್ತಾಳೆ. ಇಂಗ್ಲಿಷ್ ಅವಳದಾಗುವುದು ಅಲ್ಲಿ.

ರೈಲಿನಲ್ಲಿ ವಾಪಸು ಬರುವಾಗ ನನ್ನ ತಪ್ಪು ಹೊಳೆಯಿತು. ಗೆಳತಿ ಉತ್ತರ ಕೊಟ್ಟೊಡನೆ ನಾನು ಅವಳ ಕಡೆಗೆ ತಿರುಗಿಬಿಟ್ಟಿದ್ದೆ. ಇನ್ನೊಂದು ಅರ್ಧ ನಿಮಿಷ ಎಲೈಜಾಳ ಮುಖವನ್ನೇ ನೋಡುತ್ತ ಕಾಯಬಹುದಿತ್ತು.