ನೆರಳು ಓದುವ ವಿದ್ಯೆ

ಸುಣ್ಣ ಕಟ್ಟಿದ್ದನ್ನು ಬಿಟ್ಟರೆ, ಎದೆಯ ಎಕ್ಸ್-ರೇಯಲ್ಲಿ ಹೃದಯದ ಕವಾಟ ಕಾಣುವುದೇ ಇಲ್ಲ. ಆದರೂ ನುರಿತ ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು, ‘ಮೈಟ್ರಲ್ ಕವಾಟ ಕಿರಿದಾಗಿರಬೇಕು’ ಎನ್ನುತ್ತಾರೆ. ಈ ವಿದ್ಯೆಗೆ ನಾನು ಮಾರುಹೋಗಿದ್ದೇನೆ.

4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ಈ ಕವಾಟದ ದಾರಿ ಒಂದೂವರೆಗಿಂತ ಕೆಳಗಿಳಿದರೆ ರಕ್ತ ಎಡ ಹೃತ್ಕರ್ಣದಲ್ಲಿ ಒತ್ತರಿಸಿ ನಿಲ್ಲುತ್ತದೆ, ಆ ಕೋಣೆ ಹಿಗ್ಗುತ್ತದೆ. ಕೊಂಚ ಒಳಬಾಗಿರಬೇಕಾದ ಹೃದಯದ ಎಡ ಅಂಚು ಆಗ ನೆಟ್ಟಗಾಗುತ್ತದೆ. ಬಲಗಡೆ ನೆರಳಿನೊಳಗೆ ಇನ್ನೊಂದು ನೆರಳು ಮೂಡುತ್ತದೆ. ಎಡ ಶ್ವಾಸನಾಳ ಮೇಲೆದ್ದು ಕವಲಿನ ಕೋನ ಅಗಲವಾಗುತ್ತದೆ.

ನನಗೆ ಎಲ್ಲಕ್ಕಿಂತ ಸೋಜಿಗ, ಐರ್ಲೆಂಡಿನ ವೈದ್ಯ ಪೀಟರ್ ಕರ್ಲಿ ಹೆಸರಿನ ‘ಬಿ’ ಗೆರೆಗಳು. ಶ್ವಾಸಕೋಶದ ಬುಡದಲ್ಲಿ, ಹೊರ ಅಂಚಿಗೆ ತಾಗಿದಂತೆ, ಒಂದೆರಡು ಸೆಂಟಿಮೀಟರಿನ ಅಡ್ಡಗೆರೆಗಳು. ಒತ್ತಡಕ್ಕೆ ಜಿನುಗಿದ ನೀರು ಒಳಗಿನ ತೆಳುಗೋಡೆಗಳನ್ನು ದಪ್ಪವಾಗಿಸಿದ ಗುರುತು ಅದು. ಕೂದಲೆಳೆಯಂಥ ಆ ಗೆರೆಗಳು ಆತುರದ ಕಣ್ಣಿಗೆ ಸಿಗುವುದಿಲ್ಲ. ಹುಡುಕುವುದೇನೆಂದು ಗೊತ್ತಿದ್ದವರಿಗೆ ಮಾತ್ರ ಅವು ಕಾಣುತ್ತವೆ.

ಖಚಿತ ಉತ್ತರ ಇಂದು ಎಕೋ ಪರೀಕ್ಷೆಯದ್ದೇ, ನಿಜ. ಆದರೆ ಎಕೋ ಇಲ್ಲದ ಊರಿನ ಆಸ್ಪತ್ರೆಗೆ ದಮ್ಮು ಎಂದು ಬಂದ ಹೆಣ್ಣುಮಗಳನ್ನು ಹೃದ್ರೋಗ ತಜ್ಞರ ಬಳಿಗೆ ಕಳಿಸಲು ಈ ಒಂದು ಫಿಲ್ಮ್ ಹುಟ್ಟಿಸುವ ಅನುಮಾನ ಸಾಕು. ತಕ್ಕ ಕವಾಟವಾದರೆ ಬಲೂನಿನಿಂದಲೇ ಹಿಗ್ಗಿಸಬಹುದು, ಎದೆ ಕೊಯ್ಯಬೇಕಿಲ್ಲ.

ಈ ಕಾಯಿಲೆಯ ಬೇರು ಹೆಚ್ಚಾಗಿ ಬಾಲ್ಯದ ರುಮ್ಯಾಟಿಕ್ ಜ್ವರದಲ್ಲಿರುತ್ತದೆ. ಗಂಟಲುನೋವಿನ ಕೆಲವು ವಾರಗಳ ನಂತರ ಮಗುವಿಗೆ ಜ್ವರ ಬಂದು ಕೀಲುಗಳು ಊದಿದರೆ ತಡಮಾಡದೆ ವೈದ್ಯರಿಗೆ ತೋರಿಸಿ.