ಮೊದಲು ಇಳಿ, ಆಮೇಲೆ ಹತ್ತು

ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಆಗುಂಬೆ ಸುಮಾರು 640. ‘ಘಾಟಿ ಹತ್ತೋಕೆ ಹೊರಟ್ವಿ’ ಎಂದು ಜಂಬದಿಂದ ಹೆಲ್ಮೆಟ್ ಬಿಗಿಯುವ ನಮ್ಮೂರ ಹುಡುಗರಿಗೆ ಈ ಎರಡು ಅಂಕಿ ಹೇಳಿದರೆ ಮುಖ ಸಪ್ಪಗಾಗುತ್ತದೆ. ಹರಿಹರ, ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ ಎಂದು ಇನ್ನೂರು ಕಿಲೋಮೀಟರ್ ಹತ್ತಿರ ತುಳಿದು ಕೊನೆಗೆ ಗಳಿಸಿದ್ದು ನಲವತ್ತೇ ಮೀಟರ್. ನಡುವಿನ ದಿಬ್ಬ-ತಗ್ಗುಗಳದ್ದು ಬೇರೆ ಮಾತು.

ಆಲ್ಪ್ಸ್‌ನಲ್ಲಿ ಹೀಗಿಲ್ಲ. ಅಲ್ಲಿಯ ಕಣಿವೆದಾರಿಗೆ ಎರಡು ಮಗ್ಗುಲು. ಇಟಲಿಯ ಸ್ಟೆಲ್ವಿಯೊಗೆ ಪ್ರಾಟೊ ಕಡೆಯಿಂದ ಹೊರಟರೆ 24 ಕಿ.ಮೀ. ಏರು, 48 ಹೇರ್‌ಪಿನ್ ತಿರುವು, ನೆತ್ತಿಯಲ್ಲಿ 2,757 ಮೀಟರ್. ಆಚೆಗೆ ಬೊರ್ಮಿಯೊವರೆಗೆ ಇಳಿಜಾರು. ಬೆವರಿನ ಕೂಲಿ ಅಲ್ಲೇ ಕೈಗೆ ಬರುತ್ತದೆ. ಸಹ್ಯಾದ್ರಿಗೆ ಇರುವುದು ಒಂದೇ ಮಗ್ಗುಲು. ಪೂರ್ವಕ್ಕೆ ಪ್ರಸ್ಥಭೂಮಿ, ಪಶ್ಚಿಮಕ್ಕೆ ಕಡಿದಿಟ್ಟ ಗೋಡೆ. ಬಯಲುಸೀಮೆಯವರಿಗೆ ಮೊದಲು ಸಿಗುವುದು ಇಳಿತದ ಸಾಲ. ಘಾಟಿಯ ಬುಡದ ಸೋಮೇಶ್ವರದಲ್ಲಿ ಹ್ಯಾಂಡಲ್ ತಿರುಗಿಸಿದ ಮೇಲೆ 14 ತಿರುವುಗಳಲ್ಲಿ ವಸೂಲಿ.

ಕಾರಿನ ಬೆನ್ನಿಗೆ ಸೈಕಲ್ ಕಟ್ಟಿ ಸೋಮೇಶ್ವರಕ್ಕೆ ಬಂದು, ತಾಜಾ ಕಾಲಲ್ಲಿ ಹತ್ತಿ ಫೋಟೊ ಹಾಕುವವರೂ ಇದ್ದಾರೆ. ಹತ್ತಲಿ, ಬೇಡ ಅನ್ನುವವನು ನಾನಲ್ಲ. ಆದರೆ ಈ ದಾರಿಯ ರುಚಿ ಇರುವುದೇ ನದಿಯ ಜೊತೆ ಎದುರುಮುಖವಾಗಿ ಸಾಗುವುದರಲ್ಲಿ. ಹರಿಹರದಲ್ಲಿ ಬಂಡೆ-ಮರಳಿನ ನಡುವೆ ಅಗಲವಾಗಿ ಕಾಣುವ ತುಂಗಭದ್ರೆ ಕೂಡಲಿಯ ತನಕ ಜೋಡಿ. ಆಮೇಲೆ ತುಂಗೆ ಒಂಟಿ. ಮಂಡಗದ್ದೆ ದಾಟುವ ಹೊತ್ತಿಗೆ ಮೆಕ್ಕೆಜೋಳ, ಭತ್ತ ಎಲ್ಲ ಹಿಂದೆ ಬಿದ್ದು ನೆತ್ತಿಯ ಮೇಲೆ ಕಾಡು ಮುಚ್ಚಿಕೊಂಡಿರುತ್ತದೆ. ಆಗುಂಬೆಯ ಅಂಚಿನಲ್ಲಿ ಬಿದ್ದ ಮಳೆ ಈಚೆ ಸರಿದರೆ ಮಾಲತಿ, ತುಂಗೆಯ ಮೂಲಕ ನಮ್ಮ ಹರಿಹರಕ್ಕೆ. ಆಚೆ ಜಾರಿದರೆ ಸೀತಾನದಿಯಲ್ಲಿ ಅರಬ್ಬಿ ಸಮುದ್ರಕ್ಕೆ. ಸೈಕಲ್ ಮೇಲೆ ಕೂತವರಿಗೆ ಈ ಗಡಿ ತೊಡೆಯಲ್ಲೇ ಗೊತ್ತಾಗುತ್ತದೆ.

ಇನ್ನು ತಿರುವುಗಳ ವಿಷಯ. ನಮ್ಮದು ಎಡಬದಿಯ ಸಂಚಾರ. ಹತ್ತುವಾಗ ರಸ್ತೆ ಬಲಕ್ಕೆ ಹೊರಳಿದರೆ ನಾವು ಹೊರ ಅಂಚಿನಲ್ಲಿರುತ್ತೇವೆ: ದೂರ ಜಾಸ್ತಿ, ಏರು ಕಮ್ಮಿ. ಸೀಟಿನಲ್ಲಿ ಕೂತೇ ಉಸಿರು ಸುಧಾರಿಸಿಕೊಳ್ಳಬಹುದು. ಎಡಕ್ಕೆ ಹೊರಳಿದರೆ ಒಳಮೂಲೆ, ರಸ್ತೆ ಅಲ್ಲಿ ಮೂಗಿಗೆ ತಾಗುವಷ್ಟು ಕಡಿದು. ಗೇರ್ ಅನ್ನು ತಿರುವಿಗೆ ಮೊದಲೇ ಇಳಿಸಬೇಕು. ಭಾರ ಬಿದ್ದ ಮೇಲೆ ಇಳಿಸಹೋದರೆ ಚೈನ್ ಕರಕರ ಅಂದು ತಪ್ಪಿಕೊಳ್ಳುತ್ತದೆ. ಊರ ಸುತ್ತಿನ ಸಪಾಟು ರಸ್ತೆಗೆ ಹಿಂದೆ 25 ಹಲ್ಲಿನ ಕ್ಯಾಸೆಟ್ ಸಾಕು. ಇಲ್ಲಿಗೆ 32ಕ್ಕಿಂತ ಕಡಿಮೆ ಬೇಡ. ಮಂಡಿ ಉಳಿದರೆ ಮುಂದಿನ ವಾರವೂ ತುಳಿಯಬಹುದಲ್ಲ!

ಇಳಿಯುವಾಗ ಬ್ರೇಕನ್ನು ಹಿಡಿದೇ ಇರಬೇಡಿ, ರಿಮ್ ಕಾದು ಟ್ಯೂಬ್ ಸಿಡಿಯುವುದುಂಟು. ನೇರ ರಸ್ತೆಯಲ್ಲಿ ಒತ್ತಿ ವೇಗ ತಗ್ಗಿಸಿ, ತಿರುವಿನಲ್ಲಿ ಸಡಿಲ ಬಿಡಿ. ಬಸ್ಸುಗಳು ಒಳಮೂಲೆಗೇ ನುಗ್ಗುತ್ತವೆ, ದಾರಿ ಬಿಟ್ಟುಕೊಡಿ.

ಮುಂಗಾರಿನಲ್ಲಿ ಹೋಗುವ ಹುಚ್ಚು ನನಗಿಲ್ಲ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಊರು ಆಗುಂಬೆ. ಪಾಚಿ, ಕೊಳೆತ ಎಲೆ, ಮಂಜು. ಅದೂ ಅಲ್ಲದೆ ಜೂನ್-ಜುಲೈನಲ್ಲಿ ಪಡುವಣ ಗಾಳಿ ಹೊನ್ನಾಳಿ ರಸ್ತೆಯಲ್ಲೇ ಎದೆಗೆ ಹೊಡೆದು, ಘಾಟಿ ಬರುವ ಮೊದಲೇ ಘಾಟಿ ಹತ್ತಿಸುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಬೆಣ್ಣೆ ದೋಸೆ ತಿಂದು ಹೊರಡಬೇಡಿ, ಅದು ಹೊನ್ನಾಳಿಯವರೆಗೂ ಹೊಟ್ಟೆಯಲ್ಲಿ ಕಲ್ಲು. ಜೇಬಿಗೆ ಖಾರ ಮಂಡಕ್ಕಿ ತುಂಬಿಕೊಳ್ಳಿ: ಹಗುರ, ಉಪ್ಪೂ ಇರುತ್ತದೆ. ದೋಸೆ ವಾಪಸ್ ಬಂದ ಮೇಲೆ, ಎರಡು ಹೆಚ್ಚೇ ತಿನ್ನಿ.