ಪದಕ್ಕೆ ಜಾಗಾ ಬಿಡುವ ಗಿಟಾರು

ಗಿಟಾರು ಅಂದ್ರ ಸಿನಿಮಾದ ಹೀರೋ ಹೆಗಲಿಗೆ ಹಾಕ್ಕೊಂಡು ಕುಣಿಯೋ ವಾದ್ಯ ಅಂತ ನಾನೂ ತಿಳಕೊಂಡಿದ್ದೆ. ಹೋದ ವರ್ಷ ಒಂದು ಸಂಜಿ ನಮ್ಮ ವಾಚನಾಲಯದ ಹುಡುಗರು ಮೊಬೈಲಿನಾಗ ಒಂದು ಹಳೇ ಹಾಡು ಹಚ್ಚಿ, "ಕಾಕಾ, ಈ ಮನಶ್ಯಾನೂ ನಿಮ್ಮಂಗ ಹೊಲಾ ಮಾಡಾಂವ, ನಿಮ್ಮಂಗ ಪದಾ ಹಾಡಾಂವ, ಕೇಳ್ರಿ" ಅಂದ್ರು. ಮೂರು ನಿಮಿಷದ ಹಾಡು. ಅದು ಮುಗಿಯೋದ್ರಾಗ ನನ್ನ ತಿಳುವಳಿಕೆ ತಪ್ಪು ಅಂತ ಗೊತ್ತಾತು. ಅವತ್ತಿನಿಂದ ಆತನ ಹಾಡು ಎಷ್ಟು ಸಲ ಕೇಳೀನೋ ಲೆಕ್ಕ ಇಲ್ಲ. ಇಂಗ್ಲಿಷು ನನಗ ಬರೂದಿಲ್ಲ. ಅರ್ಥ ಮತ್ತು ಇತಿಹಾಸ ಹುಡುಗರು ಓದಿ ಹೇಳಿದ್ದು. ಕಿವಿ ಮಾತ್ರ ನಂದು. ಇಲ್ಲಿ ಬರೆದ ತೀರ್ಪು ಆ ಕಿವಿಯದು.

ಆತನ ಹೆಸರು ಜಾನ್ ಹರ್ಟ್. ಅಮೆರಿಕಾದ ಮಿಸ್ಸಿಸ್ಸಿಪ್ಪಿ ರಾಜ್ಯದಾಗ ಅವಲಾನ್ ಅನ್ನೋ ಸಣ್ಣ ಊರಿನ ಕರಿಯ ಜನಾಂಗದ ಬಡವ. ಮಂದಿ ಹೊಲ ಪಾಲಿಗೆ ಮಾಡಿ ಹತ್ತಿ ಬೆಳೆದಾಂವ. ಸ್ವಲ್ಪ ದಿನ ರೈಲು ಹಳಿ ಹಾಕೋ ಕೆಲಸಾನೂ ಮಾಡಿದ್ದ. 1928ರ ಫೆಬ್ರವರಿಯೊಳಗ ಓಕೆ ಅನ್ನೋ ರೆಕಾರ್ಡು ಕಂಪನಿ ಆತನ್ನ ಮೆಂಫಿಸ್ ಪಟ್ಟಣಕ್ಕ ಕರೆಸಿ ಎಂಟು ಹಾಡು ತಗೊಂಡು ಎರಡಷ್ಟೇ ಹೊರಗ ತಂತು. ಅದೇ ವರ್ಷದ ಡಿಸೆಂಬರಿನಾಗ ನ್ಯೂಯಾರ್ಕಿಗೆ ಕರೆಸಿ ಇನ್ನಷ್ಟು ಹಾಡು ಹಿಡೀತು. ಮುಂದಿನ ವರ್ಷ ಆ ದೇಶದ ಮ್ಯಾಲ ದೊಡ್ಡ ಆರ್ಥಿಕ ಕುಸಿತ ಬಂತು. ರೆಕಾರ್ಡು ಕೊಳ್ಳೋರು ಯಾರೂ ಇರಲಿಲ್ಲ. ಜಾನ್ ಹರ್ಟ್ ತಿರುಗಿ ಹೊಲಕ್ಕ ಹೋದ. 35 ವರ್ಷ ಹೊರಗಿನ ಮಂದಿ ಆತನ್ನ ಕೇಳಲಿಲ್ಲ.

ಆತನ ಬಾಜಾ ತಿಳೀಬೇಕಂದ್ರ ಸಣ್ಣ ಗಿಟಾರಿನ ವಿಚಾರ ಸ್ವಲ್ಪ ತಿಳೀಬೇಕು. ಈಗ ಅಂಗಡ್ಯಾಗ ಕಾಣೋ ದೊಡ್ಡ ಹೊಟ್ಟಿಯ ಗಿಟಾರು ಮೊದಲಿನಿಂದ ಇದ್ದದ್ದಲ್ಲ. ಮಾರ್ಟಿನ್ ಅನ್ನೋ ಕುಶಲಕರ್ಮಿ 1833ರಾಗ ಜರ್ಮನಿ ಬಿಟ್ಟು ನ್ಯೂಯಾರ್ಕಿಗೆ ಬಂದು ಗಿಟಾರು ಮಾಡತೊಡಗಿದ. ಆ ಕಾಲದ ಗಿಟಾರಿನ ಮೈ ಸಣ್ಣದು, ನಡು ಇನ್ನೂ ಸಣ್ಣದು, ತಂತಿ ಕರುಳಿನದು. ಪಡಸಾಲ್ಯಾಗ ಕುಂತು ನಾಕು ಮಂದಿ ಮುಂದ ನುಡಿಸಾಕ ಅಷ್ಟು ಸಾಕಿತ್ತು. ಮಾರ್ಟಿನ್ ಕಾರ್ಖಾನ್ಯಾಗ ಮುಂದ ಅಳತೆಗೆ ಸೊನ್ನಿ ಹಾಕೋ ರೂಢಿ ಬಂತು. ಒಂದು ಸೊನ್ನಿ, ಎರಡು ಸೊನ್ನಿ, ಮೂರು ಸೊನ್ನಿ. ಸೊನ್ನಿ ಹೆಚ್ಚಾದಂಗ ಮೈ ದೊಡ್ಡದು. ಒಕ್ಕಲುತನದವರ ಮನಿಗೆ ಗಿಟಾರು ಬಂದದ್ದು ಟಪಾಲಿನಿಂದ. ಸಿಯರ್ಸ್ ಕಂಪನಿ ಚಿತ್ರದ ಪುಸ್ತಕ ಕಳಿಸೋದು, ಅದನ್ನ ನೋಡಿ ಹಳ್ಳಿಯವರು ರೊಕ್ಕ ಕಳಿಸಿ ತರಿಸೋದು. ಜರ್ಸಿ ಸಿಟಿಯ ಕಾರ್ಖಾನ್ಯಾಗ ಮಾಡಿದ ಸ್ಟೆಲ್ಲಾ ಗಿಟಾರುಗಳೂ ಇಂಥವೇ ಅಗ್ಗದವು. ಬಡವರ ಬೆರಳಿನಾಗ ಉಕ್ಕಿನ ತಂತಿ ಹತ್ತಿತು, ದನಿ ಚೂಪಾತು.

ಮುಂದ ಬ್ಯಾಂಜೊ, ಪಿಟೀಲಿನ ಸಂಗಡ ಕೂಡಿ ನುಡಿಸುವಾಗ ಗಿಟಾರಿಗೆ ದೊಡ್ಡ ದನಿ ಬೇಕಾತು. 1916ರಾಗ ಮಾರ್ಟಿನ್ ಕಾರ್ಖಾನಿ ಬಾಸ್ಟನ್ನಿನ ಡಿಟ್ಸನ್ ಅಂಗಡಿಯವರಿಗಾಗಿ ಒಂದು ಭಾರಿ ಮೈಯ ಗಿಟಾರು ಮಾಡಿತು. 1931ರಿಂದ ಅದನ್ನ ತನ್ನ ಹೆಸರಿನಾಗೇ ಮಾರತೊಡಗಿತು. ಅದಕ್ಕ ಡ್ರೆಡ್‌ನಾಟ್ ಅಂತ ಇಂಗ್ಲಂಡಿನ ಯುದ್ಧದ ಹಡಗಿನ ಹೆಸರು ಇಟ್ಟರು. ವಾದ್ಯಕ್ಕ ಯುದ್ಧದ ಹಡಗಿನ ಹೆಸರು! ಕೇಳಿ ಮೊದಲು ನಗು ಬಂತು. ಆಮ್ಯಾಲ ನಮ್ಮ ಜಾತ್ರಿಯ ಡಿಜೆ ನೆನಪಾಗಿ ನಗು ನಿಂತಿತು.

ಈಗ ಜಾನ್ ಹರ್ಟನ ಕೈಗೆ ಬರೋಣ. ಹೆಬ್ಬೆರಳು ಕೆಳದನಿಯ ತಂತಿಗಳ ಮ್ಯಾಲ ಒಮ್ಮೆ ಇದಕ್ಕ ಒಮ್ಮೆ ಅದಕ್ಕ ಬಡಿತದ, ಎತ್ತಿನ ಹೆಜ್ಜೆ ಹಂಗ. ತೋರುಬೆರಳು, ನಡುಬೆರಳು ಮ್ಯಾಲಿನ ತಂತಿ ಮ್ಯಾಲ ಪದದ ಧಾಟಿ ಹೇಳ್ತಾವ. ಉಳಿದ ಬೆರಳು ಹಲಗಿ ಮ್ಯಾಲ ಊರಿ ಕೈ ಹಿಡಿದು ನಿಲ್ಲಿಸ್ತಾವ. ನಮ್ಮ ತತ್ವಪದದಾಗ ಏಕತಾರಿ ಶ್ರುತಿ ಹಿಡೀತದ, ದಮ್ಮಡಿ ಲಯ ಹಿಡೀತದ, ಹಿಮ್ಮೇಳದವರು ಸೊಲ್ಲು ಎತ್ತತಾರ. ಆತ ಈ ಮೂರೂ ಕೆಲಸ ಮೂರು ಬೆರಳಿನಾಗ ಮಾಡ್ತಾನ. ಅದಕ್ಕೂ ದೊಡ್ಡದು ಏನಂದ್ರ, ಹಾಡುವಾಗ ಒಮ್ಮೊಮ್ಮೆ ಸೊಲ್ಲಿನ ಕೊನೀ ಮಾತು ಬಾಯಿಂದ ಹೇಳೂದೇ ಇಲ್ಲ, ತಂತಿಗೆ ಬಿಟ್ಟುಬಿಡ್ತಾನ. ಗಿಟಾರು ಹಿಮ್ಮೇಳದವನಾಗಿ ಆ ಮಾತು ಮುಗಸ್ತದ.

ಇಲ್ಲೇ ಸಣ್ಣ ಮೈಯ ಗುಣ ಕಾಣ್ತದ. ದೊಡ್ಡ ಹೊಟ್ಟಿಯ ಗಿಟಾರಿನಾಗ ಕೆಳದನಿ ಗುಂಯ್ ಅಂತ ಉಳಕೊಂತದ. ಹಿಂದಿನ ಬಡಿತ ಆರೋದ್ರಾಗ ಮುಂದಿನದು ಬಂದು ಎರಡೂ ರಾಡಿ ಆಗ್ತಾವ. ಸಣ್ಣ ಗಿಟಾರಿನಾಗ ದನಿ ಹುಟ್ಟತದ, ತನ್ನ ಮಾತು ಹೇಳ್ತದ, ಆರ್ತದ. ಸೋರೆ ಬುರುಡಿಯ ಏಕತಾರಿ ಹಂಗ ಒಣಾ ದನಿ. 1928ರ ಆ ರೆಕಾರ್ಡುಗಳಾಗ ನನ್ನ ಕಿವಿಗೆ ಕೇಳೋದು ಇದೇ ದನಿ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಒಂದು ಸಂದಿ ಉಳೀತದ. ಆ ಸಂದಿಯಾಗ ಪದ ಕುಂದರತದ. ಅದಕ್ಕ ಆತ ಒದರಬೇಕಾಗಿಲ್ಲ. ಮಗ್ಗಲಿನಾಗ ಕುಂತವರ ಸಂಗಡ ಮಾತಾಡಿದಂಗ ಹಾಡ್ತಾನ.

ಈ ಮೆತ್ತನ್ನ ದನಿ ಮೊದಲು ನನಗ ದೋಷ ಅನಿಸಿತ್ತು. "ಲೂಯಿಸ್ ಕಾಲಿನ್ಸ್" ಅನ್ನೋದು ಕೊಲೆಯಾದ ಒಬ್ಬನ ಪದ, ತಾಯಿಯ ದುಃಖ ಅದರಾಗ ಅದ. ನಮ್ಮ ಮೊಹರಮ್ಮಿನ ರಿವಾಯತದಾಗ ಇಂಥ ಜಾಗಾ ಬಂದ್ರ ದನಿ ಏರಿಸಿ ಅಳಸ್ತೀವಿ. ಈತ ಜೋಗುಳ ಹೇಳಿದಂಗ ಹೇಳ್ತಾನ. ಇದೇನು ಕಲ್ಲೆದಿ ಮನಶ್ಯಾ ಅಂದೆ. ನಾಕೈದು ಸಲ ಕೇಳಿದ ಮ್ಯಾಲ ತಿಳೀತು. ಆತ ಅಳೂದಿಲ್ಲ, ಅಳೋದನ್ನ ಕೇಳೋರಿಗೆ ಬಿಡ್ತಾನ. "ಸ್ಪೈಕ್ ಡ್ರೈವರ್ ಬ್ಲೂಸ್" ಇನ್ನೂ ಗಟ್ಟಿ ಪದ. ಜಾನ್ ಹೆನ್ರಿ ಅನ್ನೋ ಹಳಿ ಕೆಲಸದವ ಸುತ್ತಿಗಿ ಹೊಡೆದು ಹೊಡೆದು ಸತ್ತ ಕಥಿ ಆ ದೇಶದಾಗ ಎಲ್ಲಾರೂ ಹಾಡ್ತಾರ, ಆತನ್ನ ಶೂರ ಮಾಡಿ ಹಾಡ್ತಾರ. ಜಾನ್ ಹರ್ಟನ ಪದದಾಗಿನ ಕೂಲಿಯವ ಆ ಸುತ್ತಿಗಿ ಇಟ್ಟು ಎದ್ದು ಹೋಗ್ತಾನ, ನಾನು ಹಂಗ ಸಾಯಾಂವಲ್ಲ ಅಂತಾನ. ಇಷ್ಟು ದೊಡ್ಡ ಮಾತನ್ನ ಇಷ್ಟು ಸಣ್ಣ ದನಿಯಾಗ ಹೇಳಿದ್ದು ನಾನು ಬ್ಯಾರೆ ಕಡೆ ಕೇಳಿಲ್ಲ. ಮಾಲಕ ಕೇಳದಂಗ, ಜೋಡೀ ಕೂಲಿಯವ ಕೇಳುವಂಗ ಹೇಳಿದ ಮಾತು ಅದು.

ಇದನ್ನ ಬರೆಯುವಾಗ ನನ್ನದೊಂದು ತಪ್ಪು ಒಪ್ಪಿಕೋಬೇಕು. ನಮ್ಮ ಭಜನಿ ಮ್ಯಾಳಕ್ಕ ಕೀಬೋರ್ಡು, ದೊಡ್ಡ ಸ್ಪೀಕರು ತರಬೇಕು ಅಂತ ಹಟ ಹಿಡಿದಾಂವ ನಾನೇ. ಪಟ್ಟಿ ಎತ್ತಿ ತಂದಿವಿ. ಶಿವರಾತ್ರಿ ರಾತ್ರಿ ಕಡಕೋಳ ಮಡಿವಾಳಪ್ಪನ ಪದ ಹಾಡಿ ಇಳಿದೆ. ಮಂದಿ ಚಪ್ಪಾಳಿ ಹೊಡೆದ್ರು. ಕಂಬಕ್ಕ ಆತು ಕುಂತ ಒಬ್ಬಾಕಿ ಮುದುಕಿ, "ತಮ್ಮಾ, ಬಾಜಾ ಚಲೋ ಆತು, ಪದ ಯಾವುದು ಹಾಡಿದಿ?" ಅಂದಳು. ಆ ಪದ ಆಕಿಗೆ ಸಣ್ಣಾಕಿ ಇದ್ದಾಗಿಂದ ಬಾಯಿಪಾಠ. ಸುತ್ತಲೂ ಬ್ಯಾರೆ ಭಾಷೆ ಇರೋ ಗಡಿ ಊರಿನಾಗ ಕನ್ನಡ ಉಳಿದದ್ದು ಇಂಥ ಮುದುಕ್ಯಾರ ಕಿವಿಯಾಗ, ಬಾಯಾಗ. ನಾನು ಆ ಕಿವಿಯನ್ನೇ ಮುಚ್ಚಿಬಿಟ್ಟಿದ್ದೆ. ಆಕಿ ಇವತ್ತಿಲ್ಲ. ಆಕಿ ಹೇಳಿದ್ದು ಏನು ಅಂತ ಪೂರಾ ತಿಳಿದದ್ದು ಹೋದ ವರ್ಷ, ಈ ಸಣ್ಣ ಗಿಟಾರು ಕೇಳಿದ ಮ್ಯಾಲ.

ಜಾನ್ ಹರ್ಟನ ಕಥಿಗೆ ಕೊನಿ ಚಲೋ ಆತು. 1952ರಾಗ ಹ್ಯಾರಿ ಸ್ಮಿತ್ ಅನ್ನಾಂವ ಹಳೇ ರೆಕಾರ್ಡು ಕೂಡಿಸಿ ಒಂದು ಸಂಗ್ರಹ ತಂದಾಗ ಈತನ ಎರಡು ಹಾಡು ಅದರಾಗ ಸೇರಿದ್ವು. ನ್ಯೂಯಾರ್ಕಿನಾಗ ಊರಿನ ನೆನಪಾಗಿ ಹಾಡಿದ "ಅವಲಾನ್ ಬ್ಲೂಸ್" ಪದದಾಗ ಊರಿನ ಹೆಸರು ಇತ್ತು. ಅದರ ಜಾಡು ಹಿಡಿದು 1963ರಾಗ ಟಾಮ್ ಹಾಸ್ಕಿನ್ಸ್ ಅನ್ನೋ ಹುಡುಗ ಆ ಊರಿಗೆ ಹೋದ್ರ, ಎಪ್ಪತ್ತು ಮುಟ್ಟಿದ ಮುದುಕ ಅಲ್ಲೇ ದುಡಕೊಂಡು ಇದ್ದ. ಮನ್ಯಾಗ ಸ್ವಂತ ಗಿಟಾರೂ ಇರಲಿಲ್ಲ. ಅದೇ ವರ್ಷ ನ್ಯೂಪೋರ್ಟಿನ ಜಾನಪದ ಮೇಳದಾಗ ಸಾವಿರಾರು ಮಂದಿ ಮುಂದ ಹಾಡಿದ. ಆ ಮೇಳದ ಸಂಸ್ಥೆಯವರು ಗಿಟಾರು ಕೊಡಸ್ತೀವಿ, ಬೇಕಾದ್ದು ಆರಿಸಿಕೋ ಅಂದಾಗ ಆತ ಆರಿಸಿದ್ದು ಗಿಲ್ಡ್ ಕಂಪನಿಯ ಎಫ್-30. ಸಿಂಗಾರ ಇಲ್ಲದ್ದು, ನಡು ಸಣ್ಣದಿರೋದು, ಯುದ್ಧದ ಹಡಗು ಅಲ್ಲದ್ದು. ತನ್ನ ದನಿ ತಿಳಿದಾಂವ ತಕ್ಕ ವಾದ್ಯ ಆರಿಸಿದ.

ದೋಷ ಇಲ್ಲಂತಲ್ಲ. ಹತ್ತು ಹಾಡು ಒಂದೇ ಸಂಜಿ ಕೇಳಿದ್ರ ಹೆಬ್ಬೆರಳಿನ ನಡಿಗಿ ಬ್ಯಾಸರ ತರ್ತದ. ಮುಪ್ಪಿನಾಗಿನ ರೆಕಾರ್ಡುಗಳಾಗ ದನಿ ಇಳಿದು ಮಾಗೇದ ಖರೆ, ಆದ್ರ 1928ರ "ಫ್ರ್ಯಾಂಕಿ" ಪದದ ಓಟ ಅವುಗಳಾಗ ಇಲ್ಲ. ಅಲ್ಲಿ ಕೈ ಕುದುರಿ ಹಂಗ ಓಡತದ, ಬಾಯಿ ಮಾತ್ರ ಕುಂತಲ್ಲೇ ಕುಂತದ. ಒಂದೇ ಹಾಡು ಕೇಳೋರಿಗೆ ನಾನು ಅದನ್ನೇ ಹೇಳ್ತೀನಿ. ಆತ 1966ರ ನವೆಂಬರಿನಾಗ ತೀರಿಕೊಂಡ.

ಟಪಾಲಿನಾಗ ಅಗ್ಗಕ್ಕ ಬಂದ ಸಣ್ಣ ಗಿಟಾರುಗಳನ್ನ ಈಗ ಶ್ರೀಮಂತರು ಹುಡುಕಿ ಹುಡುಕಿ ಕೊಳ್ತಾರಂತ, ಹಳೇ ಮಾರ್ಟಿನ್ ಲಕ್ಷಗಟ್ಟಲೆ ಬಾಳ್ತದಂತ. ಗ್ವಾಡಿಗೆ ತೂಗಿದ ಗಿಟಾರು ಪದ ಹೇಳೂದಿಲ್ಲ. ನಮ್ಮ ಮನಿ ಗ್ವಾಡಿಗೂ ಒಂದು ಏಕತಾರಿ ಹನ್ನೆರಡು ವರ್ಷ ತೂಗಿತ್ತು. ಈ ಶಿವರಾತ್ರಿಗೆ ಇಳಿಸಿ ತಂತಿ ಹಾಕೀನಿ. ಸ್ಪೀಕರು ಬ್ಯಾಡ ಅಂದದ್ದಕ್ಕ ಮ್ಯಾಳದ ಹುಡುಗರು ಮುಖ ಗಂಟು ಹಾಕ್ಯಾರ. ಕುಂತು ಕೇಳ್ರಿ, ಆಮ್ಯಾಲ ಬೈರಿ ಅಂದೀನಿ.